ನಂಜನಗೂಡು ದಾಟುವ ಹುಲಿಭಕ್ತರು

ಶನಿವಾರ ಬೆಳಿಗ್ಗೆ ನಂಜನಗೂಡಿನ ಹೆದ್ದಾರಿ ಬದಿಯಲ್ಲಿ ಒಂದು ಲೋಟ ಕಾಫಿ ಹಿಡಿದು ನಿಂತರೆ ಸಾಕು, ಯಾರು ದೇವರಿಗೆ ಬಂದವರು, ಯಾರು ಹುಲಿಗೆ ಹೊರಟವರು ಎಂದು ಬಟ್ಟೆ ನೋಡಿಯೇ ಹೇಳಿಬಿಡಬಹುದು. ದೇವರಿಗೆ ಬಂದವರದು ಪಂಚೆ, ರೇಷ್ಮೆ ಸೀರೆ, ತಲೆಗೆ ಎಣ್ಣೆ, ಕೈಯಲ್ಲಿ ಬುತ್ತಿ. ಹುಲಿಗೆ ಹೊರಟವರದು ಅಪ್ಪ, ಅಮ್ಮ, ಎಲ್‌ಕೆಜಿ ಮಗು ಸಮೇತ ಮಿಲಿಟರಿ ಬಣ್ಣದ ಪ್ಯಾಂಟು, ಮೈತುಂಬ ಜೇಬಿರುವ ಅಂಗಿ, ಅಗಲ ಟೋಪಿ. ಹುಲಿಯ ಕಣ್ಣಿಗೆ ಬೀಳಬಾರದು ಅಂತ ಈ ವೇಷವಂತೆ. ಆಮೇಲೆ ಈ ಮಹನೀಯರು ಹತ್ತಿ ಕೂರುವುದು ಮಾತ್ರ ಗಡಗಡ ಸದ್ದು ಮಾಡುವ ಇಡೀ ಬಸ್ಸಿನೊಳಗೆ. ಹುಲಿ ಪಾಪ, ಆ ಬಸ್ಸನ್ನು ನೋಡಿ, ಒಳಗೆ ಯಾರೂ ಇಲ್ಲ, ಬರೀ ಪೊದೆಗಳು ಟಿಕೆಟ್ ತಗೊಂಡು ಕೂತಿವೆ ಅಂದುಕೊಳ್ಳಬೇಕು.

ನಂಜನಗೂಡಿನವನಾದ ನನಗೆ ಇವರ ಮೇಲೆ ಸಿಟ್ಟಿಲ್ಲ. ಸ್ವಲ್ಪ ಹೊಟ್ಟೆಉರಿ ಇದೆ, ಅಷ್ಟೆ. ಮೈಸೂರಿನಿಂದ 25 ಕಿಲೋಮೀಟರಿನ ಆಸುಪಾಸಿನಲ್ಲಿ, ಕಪಿಲಾ ಹೊಳೆಯ ದಂಡೆಗೆ ಆತುಕೊಂಡು ಕೂತಿರುವ ಊರು ನಮ್ಮದು. 2011ರ ಜನಗಣತಿಯಲ್ಲಿ 50 ಸಾವಿರ ತಲೆ ಸಿಕ್ಕವು. ಅದರಲ್ಲಿ ಎಷ್ಟು ಬೋಳು ಎಂದು ಗಣತಿಯವರು ಬರೆದುಕೊಳ್ಳಲಿಲ್ಲ. ದಕ್ಷಿಣಕ್ಕೆ ಗಾಡಿ ಬಿಟ್ಟರೆ ಗುಂಡ್ಲುಪೇಟೆ ಹಾದು ಬಂಡೀಪುರ. ಪಡುವಣಕ್ಕೆ ಹೊರಳಿದರೆ ಎಚ್.ಡಿ. ಕೋಟೆ, ಕಬಿನಿ ಹಿನ್ನೀರು, ಅದರಾಚೆ ನಾಗರಹೊಳೆ. ಎರಡು ರಾಷ್ಟ್ರೀಯ ಉದ್ಯಾನಗಳು ಬೆಳಿಗ್ಗೆ ಹೋಗಿ ಸಂಜೆ ಊಟಕ್ಕೆ ಮನೆಗೆ ಬರುವಷ್ಟು ಹತ್ತಿರ. ಅಷ್ಟೇಕೆ, ನಮ್ಮ ತಾಲ್ಲೂಕಿನ ತುದಿಯ ಹೆಡಿಯಾಲದ ಕಡೆ ಹೋದರೆ ಬಂಡೀಪುರದ ಕಾಡೇ ಊರ ಬೇಲಿಗೆ ತಾಗುತ್ತದೆ. ಆಗಾಗ ಕಾಡಿನ ನಿವಾಸಿಗಳೂ ಬೇಲಿ ದಾಟಿ ವಿಚಾರಿಸಿಕೊಂಡು ಹೋಗುತ್ತಾರೆ.

ಆದರೆ ಹುಲಿಭಕ್ತರ ಪಾಲಿಗೆ ನಂಜನಗೂಡು ಎಂದರೆ ಇಡ್ಲಿ-ವಡೆ, ಶೌಚಾಲಯ, ಮಗುವಿಗೆ ವಾಂತಿ ಮಾತ್ರೆ. ದೂರದಿಂದ ಗೋಪುರ ಕಂಡರೆ ಕಾರಿನೊಳಗಿಂದಲೇ ಕೈ ಎತ್ತಿ ಒಂದು ನಮಸ್ಕಾರ. ಗಾಜು ಕೂಡ ಇಳಿಸುವುದಿಲ್ಲ, ಏಸಿ ಹೋಗಿಬಿಡುತ್ತದಲ್ಲ!

ಈ ಭಕ್ತಮಂಡಳಿಯ ಒಬ್ಬ ಆಜೀವ ಸದಸ್ಯ ನಮ್ಮ ಮನೆಯಲ್ಲೇ ಇದ್ದಾನೆ. ನನ್ನ ಷಡ್ಡಕ. ಇರುವುದು ಬೆಂಗಳೂರಿನಲ್ಲಿ, ಕೆಲಸ ಕಂಪ್ಯೂಟರಿನದು, ಪ್ರಾಣ ಮಾತ್ರ ಕಾಡಿನಲ್ಲಿ. ಅವನ ಕ್ಯಾಮೆರಾದ ಲೆನ್ಸು ನಮ್ಮತ್ತೆಯ ಮನೆಯ ಒನಕೆಯಷ್ಟು ಉದ್ದ. ಅದಕ್ಕೊಂದು ಅಂಗಿ, ಅಂಗಿಗೊಂದು ಮಳೆಕೋಟು. ತನ್ನ ಮಗಳ ಸ್ವೆಟರ್ ಮರೆತು ಬಂದಾನು, ಲೆನ್ಸಿನದ್ದು ಮರೆಯುವುದಿಲ್ಲ. ಈ ಸಲ ಮಧ್ಯಾಹ್ನದ ಸಫಾರಿ ಸಿಕ್ಕಿತ್ತು. ಹಾಗಾಗಿ ಬೆಳಿಗ್ಗೆ ಅತ್ತೆಮನೆಯಲ್ಲಿ ಇಳಿದ.

ಅತ್ತೆ ಹುರಳಿಕಾಯಿ ಮುರಿಯುತ್ತ ಕೇಳಿದರು: "ಎಷ್ಟು ಕೊಟ್ರಿ ಅಳಿಯಂದ್ರೇ ಟಿಕೆಟ್ಟಿಗೆ?"

ಹೇಳಿದ. ಅತ್ತೆ ಹುರಳಿಕಾಯಿ ಕೆಳಗಿಟ್ಟರು.

"ನಮ್ಮಮ್ಮನ ಊರು ಹೆಡಿಯಾಲದ ಪಕ್ಕ. ದೀಪ ಹಚ್ಚೋ ಹೊತ್ತಿಗೆ ದನ ಎಲ್ಲಾ ಕೊಟ್ಟಿಗೆಗೆ ಬಂದ್ವಾ ಅಂತ ಎಣಿಸ್ತಿದ್ವಿ. ಹುಲಿ ಕಣ್ಣಿಗೆ ಬೀಳದೇ ಇರಲಪ್ಪಾ ಅಂತ ನಂಜುಂಡಂಗೆ ಹರಕೆ ಕಟ್ಕೊತಿದ್ವಿ. ನೀವು ದುಡ್ಡು ಕೊಟ್ಟು, ಬೀಳಲಪ್ಪಾ ಅಂತೀರಿ. ಅವನಾದ್ರೂ ಯಾರ ಮಾತು ಕೇಳ್ಬೇಕು ಹೇಳಿ?"

ಷಡ್ಡಕ ನನ್ನ ಮುಖ ನೋಡಿದ. ನಾನು ಹುರಳಿಕಾಯಿ ನೋಡಿದೆ.

ಹುಲಿ ನೋಡುವವರು ತಾವು ಪ್ರವಾಸಿಗರು ಎಂದುಕೊಂಡಿದ್ದಾರೆ. ಸುಳ್ಳು. ಅವರದ್ದು ಅಪ್ಪಟ ತೀರ್ಥಯಾತ್ರೆ. ನಮ್ಮ ದೇವಸ್ಥಾನದಲ್ಲಿ ಧರ್ಮದರ್ಶನದ ಸಾಲು ಬೇರೆ, ಟಿಕೆಟ್ಟಿನ ಸಾಲು ಬೇರೆ. ಅಲ್ಲಿ ಬಸ್ಸಿನ ಟಿಕೆಟ್ ಬೇರೆ, ಜೀಪಿನ ಟಿಕೆಟ್ ಬೇರೆ. ಇಲ್ಲಿ ಅರ್ಚಕರು ಬೇಗ ಬೇಗ ನಡೀರಿ ಅನ್ನುತ್ತಾರೆ; ಅಲ್ಲಿ ಡ್ರೈವರ್ ಶ್‌ಶ್ ಅನ್ನುತ್ತಾನೆ. ದರ್ಶನಕ್ಕೆ ಮುಂಚೆ ಅಲ್ಲೂ ಶಕುನ ನೋಡುವುದುಂಟು. ಕಡವೆ ಕೂಗಿತು, ಮರದ ಮೇಲಿನ ಮುಸುವ ಕೆಮ್ಮಿತು ಅಂದರೆ ಬಸ್ಸಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ದೂಳಿನಲ್ಲಿ ಹೆಜ್ಜೆ ಗುರುತು ಕಂಡರಂತೂ ಪಾದಪೂಜೆಯೇ: ಒಂದು ಹೆಜ್ಜೆಗೆ ಎಷ್ಟು ಜನರಿದ್ದಾರೋ ಅಷ್ಟು ಫೋಟೊ. ಆಮೇಲೆ ಬರುತ್ತದೆ ಆ ಅಮೃತವಾಕ್ಯ: "ಐದು ನಿಮಿಷದ ಹಿಂದೆ ಇಲ್ಲೇ ಇತ್ತು ಸಾರ್." ಹುಲಿ ಯಾವಾಗಲೂ ಐದು ನಿಮಿಷದ ಹಿಂದೆ ಇರುತ್ತದೆ. ನಾಲ್ಕು ನಿಮಿಷದ ಹಿಂದೆ ಇದ್ದ ಹುಲಿಯ ಕಥೆಯನ್ನು ನಾನಂತೂ ಕೇಳಿಲ್ಲ.

ಈ ಯಾತ್ರೆಯಲ್ಲಿ ಅನ್ಯಾಯವಾಗುವುದು ಜಿಂಕೆಗೆ. ಮೊದಲ ಜಿಂಕೆ ಕಂಡಾಗ ಬಸ್ಸಿಗೆ ಬಸ್ಸೇ ಎದ್ದು ನಿಲ್ಲುತ್ತದೆ. ಹತ್ತನೆಯದಕ್ಕೆ ಮಕ್ಕಳು ಮಾತ್ರ. ಅದಾದ ಮೇಲೆ ಅಷ್ಟು ಚೆಂದದ ಚುಕ್ಕಿಯ ಪ್ರಾಣಿ ರಸ್ತೆ ಪಕ್ಕದಲ್ಲೇ ಕತ್ತು ಕೊಂಕಿಸಿ ನಿಂತಿದ್ದರೂ ಷಡ್ಡಕನಂಥವರು "ಬರೀ ಜಿಂಕೆ ಕಣ್ರೀ" ಅಂದು ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಾರೆ. ನವಿಲಿಗೆ ಆ ಮರ್ಯಾದೆಯೂ ಇಲ್ಲ. ಹಿಂದೆ ಮೈಸೂರು ಮಹಾರಾಜರು ಬೇಟೆಯಾಡುತ್ತಿದ್ದ ಕಾಡು ಇದು. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿಕೊಂಡ ಮೊದಲ ಕಾಡುಗಳ ಪೈಕಿ ಬಂಡೀಪುರವೂ ಒಂದು. ಅಂದಿನಿಂದ ಹುಲಿಯ ಮಾನ ಹೆಚ್ಚಿತು, ಮಿಕ್ಕವರೆಲ್ಲ ಪರಿವಾರ ದೇವತೆಗಳಾದರು. ಇನ್ನು ಹುಲಿಯ ದಿನಚರಿಯೋ, ಹಗಲೆಲ್ಲ ನೆರಳು ನೋಡಿ ಮಲಗುವುದು, ಕತ್ತಲೆಗೆ ಕಾಲು ನೀಡಿ ಎದ್ದು ಹೊರಡುವುದು. ಜೊತೆಗೆ ಬಂಡೀಪುರದ ತುಂಬ ಲಂಟಾನದ ಪೊದೆ. ಅದರೊಳಗೆ ಎರಡು ಮಾರು ಆಚೆ ಹುಲಿ ಆಕಳಿಸಿದರೂ ನಮಗೆ ಕಾಣುವುದು ಲಂಟಾನದ ಹೂವೇ.

ನಮ್ಮ ನಂಜುಂಡೇಶ್ವರ ಹಾಗಲ್ಲ. ಬಾಗಿಲು ತೆಗೆಯುವ ಹೊತ್ತು ಗೊತ್ತು, ಮುಚ್ಚುವ ಹೊತ್ತು ಗೊತ್ತು. 385 ಅಡಿ ಉದ್ದದ ದೇವಸ್ಥಾನದಲ್ಲಿ ಸಾಲು ಎಷ್ಟೇ ಸುತ್ತಿ ಬಳಸಿ ಹೋಗಲಿ, ಕೊನೆಗೆ ಅವನು ಅಲ್ಲೇ ಇರುತ್ತಾನೆ. "ಐದು ನಿಮಿಷದ ಹಿಂದೆ ಇದ್ದ ಸ್ವಾಮಿ" ಎಂದು ಯಾವ ಅರ್ಚಕರೂ ಅಂದದ್ದಿಲ್ಲ.

ಇದನ್ನೆಲ್ಲ ಹೇಳಿ, ಸಫಾರಿಗೆ ಇನ್ನೂ ಹೊತ್ತಿದೆ ಬಾ ಎಂದು ಷಡ್ಡಕನನ್ನು ಹೊಳೆ ಕಡೆಗೆ ಎಳೆದುಕೊಂಡು ಹೋದೆ. ಲೆನ್ಸನ್ನು ಮನೆಯಲ್ಲಿ ಬಿಡಲು ಒಪ್ಪಲಿಲ್ಲ. "ಮಿಂಚುಳ್ಳಿ ಸಿಕ್ಕರೆ?" ಅಂದ. ಸಿಕ್ಕಿದ್ದು ಮುಡಿ ಕೊಡುವವರು.

ಸ್ನಾನಘಟ್ಟದಲ್ಲಿ ಒಂದು ಸಂಸಾರ. ಅಪ್ಪನದು ಆಗಿತ್ತು, ಅಜ್ಜನದು ಆಗಿತ್ತು, ಈಗ ಪುಟ್ಟನ ಸರದಿ. ಕ್ಷೌರಿಕ ಅಂಗೈಯಲ್ಲಿ ನೀರು ತಗೊಂಡು ನೆತ್ತಿ ಉಜ್ಜುತ್ತಿದ್ದಾನೆ. ಹುಡುಗ ಕಪಿಲೆಯ ಆಚೆ ದಡಕ್ಕೆ ಕೇಳುವಂತೆ ಅರಚುತ್ತಿದ್ದಾನೆ. ಸೋದರಮಾವ ಎರಡೂ ಕೆನ್ನೆ ಹಿಡಿದು "ಅಲ್ನೋಡು ಆನೆ, ಅಲ್ನೋಡು ಆನೆ" ಅನ್ನುತ್ತಿದ್ದಾನೆ. ಆನೆ ಎಲ್ಲೂ ಇಲ್ಲ. ಕತ್ತಿ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಸರ್ರನೆ ಬಂತು, ಅಜ್ಜಿ ಬೊಗಸೆಯಲ್ಲಿ ನೀರು ಹೊಯ್ದು ಬೋಳುತಲೆಗೆ ಗಂಧ ಮೆತ್ತಿದರು, ಹುಡುಗ ತನ್ನ ತಲೆ ತಾನೇ ಮುಟ್ಟಿ ನೋಡಿಕೊಂಡು ಅಳು ನಿಲ್ಲಿಸಿ ನಕ್ಕುಬಿಟ್ಟ. ಷಡ್ಡಕ ಕ್ಯಾಮೆರಾ ಎತ್ತಿದ. ಎತ್ತಿ ಏನು ಬಂತು? ಆ ಲೆನ್ಸಿಗೆ ಎದುರಿಗಿರುವುದು ಕಾಣುವುದಿಲ್ಲವಂತೆ. ಕಾಲು ಮೈಲಿ ದೂರ ಹೋಗಿ ನಿಲ್ಲಬೇಕಂತೆ!

ಹೊಳೆಯ ಅಂಚಿಗೆ ಹದಿನಾರು ಕಾಲಿನ ಮಂಟಪ ಇದೆ. ಹೊರಗಿನವರಿಗೆ ಅದು ಫೋಟೊ ತೆಗೆಯುವ ಜಾಗ, ನಮಗೆ ನೀರಿನ ಮಟ್ಟ ನೋಡುವ ಅಳತೆಗೋಲು. ಮಳೆಗಾಲದಲ್ಲಿ ನಂಜನಗೂಡಿನವರು ಒಬ್ಬರನ್ನೊಬ್ಬರು ಊಟ ಆಯ್ತಾ ಎಂದು ಕೇಳುವುದಿಲ್ಲ, "ಮಂಟಪ ಮುಳುಗ್ತಾ?" ಎಂದು ಕೇಳುತ್ತಾರೆ. ನಮ್ಮ ಹೊಳೆಯ ತಮಾಷೆಯೇ ಅದು. ಇಲ್ಲಿ ಬಟ್ಟೆ ಒಣಗಿಸುವಂಥ ಬಿಸಿಲು ಕಾಯುತ್ತಿರುತ್ತದೆ, ಹೊಳೆ ಮಾತ್ರ ಕೆಂಪಗೆ ಏರುತ್ತಿರುತ್ತದೆ. ಮಳೆ ಹುಯ್ದದ್ದು ವಯನಾಡಿನಲ್ಲಿ. ಅಲ್ಲಿನ ಪನಮರಂ ಹೊಳೆ, ಮಾನಂದವಾಡಿ ಹೊಳೆ ಸೇರಿ ಕಬಿನಿಯಾಗಿ, ಎಚ್.ಡಿ. ಕೋಟೆಯ ಅಣೆಕಟ್ಟೆ ತುಂಬಿ, ಗೇಟು ಎತ್ತಿದರೆ ನಮ್ಮೂರಿನ ಮಂಟಪಕ್ಕೆ ಸ್ನಾನ. ಇಲ್ಲಿಂದ ಮುಂದೆ ಹೋಗಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರಿಕೊಂಡರೆ ಮುಗಿಯಿತು, ಆಮೇಲೆ ಅವಳ ಹೆಸರೇ ಯಾರಿಗೂ ಬೇಡ. ಹುಲಿಭಕ್ತರು ಕಬಿನಿ ಕಬಿನಿ ಎಂದು ಬಾಯಿತುಂಬ ಅನ್ನುವುದೂ ಇವಳನ್ನೇ. ಹಿನ್ನೀರಿನಲ್ಲಿ ನೋಡಿದರೆ ರೆಸಾರ್ಟು, ದೋಣಿ, ಬೇಸಿಗೆಯಲ್ಲಿ ನೀರು ಇಳಿದಾಗ ಚಿಗುರು ಹುಲ್ಲಿಗೆ ಬರುವ ಆನೆ ಹಿಂಡು, ರಾತ್ರಿಗೆ ಇಷ್ಟು ಸಾವಿರ ಅಂತ ಬಾಡಿಗೆ. ಅದೇ ನೀರು ನಮ್ಮ ಮೆಟ್ಟಿಲಿಗೆ ಬಂದಾಗ ಮುಳುಗು ಹಾಕಲು ದುಡ್ಡಿಲ್ಲ, ಟೋಕನ್ ಇಲ್ಲ.

2018ರಲ್ಲಿ, ಮತ್ತೆ 2019ರಲ್ಲಿ ಆಗಸ್ಟ್ ತಿಂಗಳಿನಲ್ಲಿ ಹೊಳೆ ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿಯನ್ನೇ ಹಿಡಿದುಕೊಂಡಿತು. ಮೈಸೂರಿನ ಕಡೆಯಿಂದ ಬಂದ ಗಾಡಿಗಳು ಸುತ್ತು ಹಾಕಿಕೊಂಡು ಹೋಗಬೇಕಾಯಿತು. ನಮ್ಮ ಕಡೆ ಮನೆ, ಗದ್ದೆ ಮುಳುಗಿ ಜನ ಗಂಜಿಕೇಂದ್ರ ಸೇರಿದ್ದರು. ಅಂಥದ್ದರಲ್ಲೂ ಈ ಷಡ್ಡಕ ಬೆಂಗಳೂರಿನಿಂದ ಫೋನು ಮಾಡಿ ಕೇಳಿದ್ದು: "ಭಾವ, ನೀರು ಶುಕ್ರವಾರದೊಳಗೆ ಇಳಿಯುತ್ತಾ? ಬುಕಿಂಗ್ ವಾಪಸ್ ಇಲ್ಲ." ಕಪಿಲೆಗೆ ತಿಳಿಸ್ತೀನಿ ಅಂದೆ.

ಹಳೆ ಸೇತುವೆ ತೋರಿಸಿದೆ. ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ್ದು. ಹೈದರಾಲಿ ಅಧಿಕಾರಕ್ಕೆ ಬರುವುದಕ್ಕೂ ಮುಂಚಿನ ಕಲ್ಲು. ಕಟ್ಟುವಾಗ ಎತ್ತಿನಗಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು, ಆಮೇಲೆ 1891ರಲ್ಲಿ ಮೈಸೂರಿನಿಂದ ರೈಲು ಬಂತು. ಸೇತುವೆ, ಬಾ ತಾಯಿ, ನೀನೂ ಬಾ ಅಂದಿತು. ಒಂದು ಮಗ್ಗುಲಿಗೆ ರೈಲು, ಒಂದು ಮಗ್ಗುಲಿಗೆ ಗಾಡಿ, ಕೆಳಗೆ ಸಾಲು ಸಾಲು ಕಲ್ಲಿನ ಕಮಾನು, ಅದರಡಿ ಹೊಳೆ. ಮೀಟರ್ ಗೇಜ್ ಹೋಗಿ ಬ್ರಾಡ್‌ಗೇಜ್ ಬರುವ ತನಕ ಅದೇ ಹೊತ್ತಿತು, ಆಮೇಲಷ್ಟೇ ರೈಲು ಪಕ್ಕದ ಹೊಸ ಸೇತುವೆಗೆ ಮನೆ ಬದಲಾಯಿಸಿದ್ದು. ಷಡ್ಡಕ ಕಮಾನಿನ ಕಲ್ಲು ಸವರಿ, "ಸಿಮೆಂಟ್ ಇಲ್ಲದ ಕಾಲದಲ್ಲಿ..." ಎಂದು ಶುರು ಮಾಡಿ ನಿಲ್ಲಿಸಿದ. ಅವನ ಮನೆ ಹತ್ತಿರದ ಅಂಡರ್‌ಪಾಸು ಒಂದು ಮಳೆಗೆ ಈಜುಕೊಳವಾದದ್ದು ನೆನಪಾಗಿರಬೇಕು. ನಾನು ಕೆದಕಲಿಲ್ಲ. ಕೆದಕಿದರೆ ಅವನೂ ನಮ್ಮೂರ ಹೊಳೆಯ ಮಾತು ತೆಗೆಯುತ್ತಾನೆ.

ತೆಗೆದೇ ತೆಗೆದ. ಮೆಟ್ಟಿಲ ಬುಡದಲ್ಲಿ ಮಿಂದವರು ಬಿಟ್ಟುಹೋದ ಪಂಚೆ, ಟವಲು, ಬಣ್ಣಬಣ್ಣದ ಸೀರೆ ನೀರಿನಲ್ಲಿ ತೇಲುತ್ತಿದ್ದವು. ಉಟ್ಟ ಬಟ್ಟೆ ಹೊಳೆಗೆ ಬಿಟ್ಟರೆ ಪಾಪವೂ ಅದರ ಜೊತೆ ಹೋಗುತ್ತದೆ ಎಂದು ನಂಬಿಸಿದವರು ಯಾರೋ ಗೊತ್ತಿಲ್ಲ. "ಭಾವ, ಕಾಡಿನಲ್ಲಿ ಒಂದು ಚಾಕೊಲೇಟ್ ಕಾಗದ ಬಿಸಾಕಿದರೆ ದಂಡ ಹಾಕ್ತಾರೆ," ಅಂದ. ಪಾಯಿಂಟು ಅವನದೇ. ಊರಿನವರು ನಾವೇನು ಕಮ್ಮಿ? ಬೆಳಿಗ್ಗೆ ಕಪಿಲೆಗೆ ಆರತಿ ಎತ್ತುವ ಕೈಯೇ ಸಂಜೆ ಅವಳ ಮಡಿಲಿಗೆ ಪೂಜೆ ಹೂವಿನ ಪ್ಲಾಸ್ಟಿಕ್ ಚೀಲ ಹಾಕುತ್ತದೆ. ಚೀಲದ ಬಾಯನ್ನು ಗಂಟು ಹಾಕಿಯೇ ಎಸೆಯುವುದು, ಅಷ್ಟು ಶುಚಿ!

ದೇವಸ್ಥಾನದ ಏಳು ನೆಲೆಯ ಗೋಪುರ ಸುಮಾರು 120 ಅಡಿ. ಅದರ ಕೆಳಗೆ ಕುಂಕುಮದ ರಾಶಿ, ಬೆಂಡು ಬತ್ತಾಸು, ಕಡಲೆಪುರಿ. ಪ್ರಾಣಿಪ್ರಿಯನಿಗೆ ಹಿಡಿಸಲಿ ಎಂದು ಹಕೀಂ ನಂಜುಂಡನ ಕಥೆ ಹೇಳಿದೆ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಬೇನೆಯಾಯಿತಂತೆ, ಇಲ್ಲಿ ಸೇವೆ ಮಾಡಿಸಿದ ಮೇಲೆ ವಾಸಿಯಾಯಿತಂತೆ, ಸುಲ್ತಾನ ಖುಷಿಯಾಗಿ ಪಚ್ಚೆಯ ಲಿಂಗ ಒಪ್ಪಿಸಿ ದೇವರನ್ನೇ ಹಕೀಂ ಎಂದು ಕರೆದನಂತೆ. ಆನೆಗೆ ಕಣ್ಣಿನ ಡಾಕ್ಟರಾದ ದೇವರು ನನಗೆ ಗೊತ್ತಿರುವಂತೆ ಇವನೊಬ್ಬನೇ. ಹಳ್ಳಿಯವರು ಇವನನ್ನು ಇನ್ನೂ ಸಲಿಗೆಯಿಂದ ಕಾಣುತ್ತಾರೆ. ಮನೆಯಲ್ಲಿ ದೇವೀರಿಯಂಥ ಹೆಂಡತಿ ಇದ್ದೂ ಬೆಟ್ಟದ ಚಾಮುಂಡಿಯ ಮೇಲೆ ಮನಸ್ಸಿಟ್ಟು ಸಿಕ್ಕಿಹಾಕಿಕೊಂಡ ಗಂಡ ಎಂದು ನಮ್ಮ ಕಡೆಯ ಜನಪದದಲ್ಲಿ ಹಾಡಿ ಹಾಡಿ ಕಾಲೆಳೆದಿದ್ದಾರೆ. ಪುರಾಣದಲ್ಲಿ ವಿಷ ಕುಡಿದು ದಕ್ಕಿಸಿಕೊಂಡವನಿಗೆ ಇಬ್ಬರು ಹೆಂಗಸರ ಬೈಗುಳ ದಕ್ಕಿಸಿಕೊಳ್ಳುವುದು ಕಷ್ಟವಾಯಿತು. ಷಡ್ಡಕ ಈ ಕಥೆಯನ್ನು ಮಾತ್ರ ಗಮನವಿಟ್ಟು ಕೇಳಿದ.

ಬಾಳೆಹಣ್ಣು ಬೇಕೇ ಬೇಕೆಂದ. ನಂಜನಗೂಡು ರಸಬಾಳೆ ಅಂದರೆ ಭೌಗೋಳಿಕ ಸೂಚ್ಯಂಕ ಪಡೆದ ಹಣ್ಣು, ದೇವರಸನಹಳ್ಳಿಯ ಕಡೆ ಬೆಳೆಯುವುದು, ಸಿಪ್ಪೆ ಕಪ್ಪಾದರೂ ಒಳಗೆ ಕೆಡದು. ಪನಾಮಾ ಸೊರಗು ರೋಗ ಬಡಿದು ತೋಟಗಳು ಹಾಳಾಗಿ, ಈಗ ಊರಿನವರಿಗೇ ಪರಿಚಯದ ರೈತರಿಲ್ಲದೆ ಸಿಗುವುದು ಕಷ್ಟ. ಹುಲಿಯಾದರೂ ಕಂಡೀತು. ಆದರೆ ಗಾಡಿಯವನ ಹತ್ತಿರ ಯಾವತ್ತೂ ಇರುತ್ತದೆ.

"ಇದು ರಸಬಾಳೇನಾ?"

"ಹ್ಞೂಂ ಸಾರ್, ಒರಿಜಿನಲ್ಲು."

"ಎಲ್ಲಿ ಬೆಳೆದದ್ದು?"

"ಎಲ್ಲಾದ್ರೂ ಬೆಳೀಲಿ ಸಾರ್, ಮಾರ್ತಿರೋದು ನಂಜನಗೂಡಲ್ಲಿ ತಾನೆ?"

ಈ ವಾದಕ್ಕೆ ಹೈಕೋರ್ಟಿನಲ್ಲೂ ಉತ್ತರ ಇರಲಿಕ್ಕಿಲ್ಲ. ಷಡ್ಡಕ ಒಂದು ಚಿಪ್ಪು ತಗೊಂಡ. ಜೊತೆಗೆ ಬಿ.ವಿ. ಪಂಡಿತರ ಹಲ್ಲುಪುಡಿಯ ಪೊಟ್ಟಣ. ಪಂಡಿತರು 1913ರಲ್ಲಿ ಇಲ್ಲಿ ಸದ್ವೈದ್ಯಶಾಲೆ ಶುರು ಮಾಡಿದ ಮೇಲೆ ನಮ್ಮೂರಿನ ಹೆಸರು ಕರ್ನಾಟಕದ ಬಚ್ಚಲುಮನೆಗಳನ್ನೆಲ್ಲ ಹೊಕ್ಕಿತು. ಷಡ್ಡಕನ ಬ್ರಷ್ಷು ಕರೆಂಟಿನದು, ಅದರ ಚಾರ್ಜರು ಬೆಂಗಳೂರಿನಲ್ಲಿ ಉಳಿದಿತ್ತು. ತೋರುಬೆರಳಿನಿಂದ ಹಲ್ಲುಜ್ಜುವುದನ್ನು ಅವನ ಮಗಳು ಆವತ್ತೇ ಮೊದಲು ನೋಡಿದ್ದು. "ಅಪ್ಪನ ಬಾಯಿ ಗುಲಾಬಿ!" ಎಂದು ಬೀದಿಯವರನ್ನೆಲ್ಲ ಕರೆದು ತೋರಿಸಿದಳು.

ನಾವೇನೂ ಹುಲಿ ನೋಡಿ ಬೆಳೆದ ಶೂರರಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಂಜನಗೂಡಿನಲ್ಲಿ ಹುಟ್ಟಿ, ಊಟಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಬಂಡೀಪುರ ಕಂಡದ್ದು ಬಿಟ್ಟರೆ ಕಾಡಿನೊಳಕ್ಕೆ ಕಾಲಿಡದವರು ಬೇಕಾದಷ್ಟು ಮಂದಿ. ಆ ಕಿಟಕಿಯೂ ಹಗಲಿಗೆ ಮಾತ್ರ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಆ ಕಾಡಿನ ದಾರಿ ಬಂದ್. ಕೇರಳದ ಕಡೆಗೆ ಹೊರಟವರು ಮದ್ದೂರು ಚೆಕ್‌ಪೋಸ್ಟಿಗೆ ಒಂಬತ್ತರೊಳಗೆ ತಲುಪಬೇಕೆಂದು ನಮ್ಮೂರ ಮೇಲೆ ಹಾರಿ ಹೋಗುವ ವೇಗ ನೋಡಬೇಕು. ಕಾಡಿನಲ್ಲಿ ಪ್ರಾಣಿ ಉಳಿಯಲಿ ಅಂತ ಕಾನೂನು, ಅದನ್ನು ಪಾಲಿಸುವ ಭರದಲ್ಲಿ ಜೀವ ಅಂಗೈಯಲ್ಲಿ ಹಿಡಿದು ರಸ್ತೆ ದಾಟುವವರು ನಾವು! ನಂಜನಗೂಡಿನಿಂದ ನಿಲಂಬೂರಿಗೆ ರೈಲು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಕೆಲವರು ಅನ್ನುತ್ತಾರೆ. ಆ ರೈಲು ನಾನು ಹುಡುಗನಾಗಿದ್ದಾಗಿನಿಂದಲೂ ಬರುತ್ತಲೇ ಇದೆ. ಅದರಷ್ಟು ನಿಧಾನಕ್ಕೆ ಬಂದರೆ ಆನೆಗಳಿಗೂ ತೊಂದರೆಯಿಲ್ಲ.

ಸಂಜೆ ಕತ್ತಲಾದ ಮೇಲೆ ಷಡ್ಡಕನ ಕಾರು ವಾಪಸು ಬಂತು. ಮುಖ ನೋಡಿಯೇ ಯಾರೂ ಏನೂ ಕೇಳಲಿಲ್ಲ, ಅತ್ತೆಯ ಹೊರತು.

"ಏನು ಕಂಡ್ರಿ?"

"ಆನೆ ಬಂದಿತ್ತು, ಮರಿ ಇತ್ತು. ಕಾಡೆಮ್ಮೆ. ಸೀಳುನಾಯಿ. ಬರೀ ಅಂಥವೇ ಅತ್ತೆ." ಬೆಳಗಿನ ಟ್ರಿಪ್ಪಿನವರಿಗೆ ರಸ್ತೆ ಮಧ್ಯೆಯೇ ಮಲಗಿತ್ತಂತೆ.

ಅಷ್ಟರಲ್ಲಿ ಅತ್ತೆಯ ಫೋನು. ಹೆಡಿಯಾಲದ ಕಡೆಯಿಂದ, ಅವರಣ್ಣನ ಮಗ. ಬಾಳೆತೋಟದ ಒಳಗೇ ಹೆಜ್ಜೆಯಂತೆ, ನಿನ್ನೆ ಕಟ್ಟಿದ್ದ ಕರು ಹೊತ್ತುಕೊಂಡು ಹೋಗಿದೆಯಂತೆ, ಅರಣ್ಯ ಇಲಾಖೆಯವರು ಬೋನು ತಂದಿಟ್ಟಿದ್ದಾರಂತೆ, ಊರವರು ತಮಟೆ ಇಟ್ಟುಕೊಂಡು ಜಗಲಿ ಮೇಲೆ ಕೂತಿದ್ದಾರಂತೆ. ಕರುವಿನ ವಿಚಾರ ಕೇಳಿ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಯಾವ ಹಸುವಿನದು ಎಂದು ವಿಚಾರಿಸಿದರು. ಪರಿಹಾರಕ್ಕೆ ಬರೆದುಕೊಟ್ಟೆಯಾ ಎಂದು ಕೇಳಿದರು. ಫೋನು ಇಟ್ಟು, ಷಡ್ಡಕನ ಕಡೆ ತಿರುಗಿದರು.

"ಅಳಿಯಂದ್ರೇ, ಕಾರು ಇನ್ನೂ ಬಿಸಿಯಾಗಿದೆ. ಹೊರಟುಬಿಡಿ. ಟಿಕೆಟ್ಟಿಲ್ಲ, ಸಾಲಿಲ್ಲ. ನಮ್ಮಣ್ಣನ ಮಗ ತೋಟದ ಕಡೆ ಮುಖ ಮಾಡಿ ಚಾಪೆ ಹಾಕಿಕೊಡ್ತಾನೆ, ರಾತ್ರಿಯೆಲ್ಲ ಆರಾಮಾಗಿ ನೋಡಬಹುದು."

ಷಡ್ಡಕ ಲೆನ್ಸಿನ ಅಂಗಿಯ ಗುಂಡಿ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ.

"ಕತ್ತಲಲ್ಲಿ ಫೋಟೊ ಸರಿಯಾಗಿ ಬರಲ್ಲ ಅತ್ತೆ."

"ಅಷ್ಟೇ ತಾನೆ? ಹಂಗಾದ್ರೆ ಬೆಳಕಾದ ಮೇಲೆ ಬಾ ಅಂತ ಅದಕ್ಕೆ ಹೇಳಿಕಳಿಸ್ತೀನಿ ಬಿಡಿ," ಎಂದು ಅತ್ತೆ ತಟ್ಟೆ ಹಾಕಲು ಒಳಗೆ ಹೋದರು.